ಶ್ರಮದಾನಕ್ಕೆ ಇಳಿಯುವ ಮುನ್ನ ವಿಮೆ ಮಾಡಿಸುವುದು ಹೇಗೆ?

ಸಮುದಾಯದ ಕೆಲಸಕ್ಕೆ ವಿಮೆ ಮಾಡಿಸಲು ಹೊರಟ ಸಂಘಗಳು ಮೊದಲು ಕೇಳುವುದು ‘ಪ್ರೀಮಿಯಂ ಎಷ್ಟಾಗುತ್ತೆ?’ ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕೂ ಮೊದಲು ಇನ್ನೆರಡು ಪ್ರಶ್ನೆ ಇತ್ಯರ್ಥವಾಗಬೇಕು. ಸ್ವಯಂಸೇವಕರಿಗೇ ಪೆಟ್ಟಾದರೆ ಏನು? ಸ್ವಯಂಸೇವಕರ ಕೈಯಿಂದ ಇನ್ನೊಬ್ಬರಿಗೆ ಪೆಟ್ಟೋ ನಷ್ಟವೋ ಆದರೆ ಏನು?

ಮೊದಲನೆಯದಕ್ಕೆ ಗುಂಪು ವೈಯಕ್ತಿಕ ಅಪಘಾತ ವಿಮೆ. ತಪ್ಪು ಯಾರದು ಎಂದು ನೋಡದೆ, ಪಾಲಿಸಿಯಲ್ಲಿ ಬರೆದಿರುವ ಮೊತ್ತವನ್ನು ಅದು ಕೊಡುತ್ತದೆ. ಎರಡನೆಯದಕ್ಕೆ ಸಾರ್ವಜನಿಕ ಹೊಣೆಗಾರಿಕೆ ವಿಮೆ. ಸಂಘವೇ ಕಾನೂನಿನ ಪ್ರಕಾರ ಹೊಣೆ ಎಂದಾದಾಗ ಮಾತ್ರ ಅದು ಪರಿಹಾರ ಕೊಡುತ್ತದೆ. ಸಾಮಾನ್ಯವಾಗಿ ವಕೀಲರ ಖರ್ಚೂ ಅದರಲ್ಲೇ ಬರುತ್ತದೆ. ಒಂದನ್ನು ಮಾಡಿಸಿ ಎರಡೂ ಆಯಿತು ಅಂದುಕೊಳ್ಳುವುದು ತೀರಾ ಸಾಮಾನ್ಯವಾದ ಎಡವಟ್ಟು.

ಹಂತ 1: ಕೆಲಸದ ಪಟ್ಟಿ

ವಿಮೆ ಕೋರಿ ಕಂಪನಿಗೆ ಕೊಡುವ ಅರ್ಜಿಯಲ್ಲಿ, ಅಂದರೆ ಪ್ರಪೋಸಲ್ ಫಾರಂನಲ್ಲಿ, ‘ಸಮಾಜಸೇವಾ ಚಟುವಟಿಕೆ’ ಎಂದು ಒಂದೇ ಸಾಲು ಗೀಚಿ ಕೊಟ್ಟರೆ ಮುಂದೆ ಕ್ಲೇಮು ಬಿದ್ದುಹೋಗುವುದು ಅಲ್ಲೇ. ವಿಮಾ ಕಂಪನಿಯವರು ಅದನ್ನು ಓದಿ ಸಭೆ, ಜಾಥಾ, ಕರಪತ್ರ ಹಂಚಿಕೆ ಅಂದುಕೊಂಡು ಪ್ರೀಮಿಯಂ ಹಾಕಿರುತ್ತಾರೆ. ನಂತರ ಏಣಿಯಿಂದ ಬಿದ್ದವರ ಕಾಗದ ಹೋದಾಗ ‘ಈ ಕೆಲಸ ನಮಗೆ ತಿಳಿಸಿರಲಿಲ್ಲ’ ಎನ್ನುತ್ತಾರೆ. ಅದು ಅವರ ಮೋಸವೇನಲ್ಲ; ಅಪಾಯವನ್ನು ಅಳೆಯಲು ಬೇಕಾದ ಸಂಗತಿಗಳನ್ನು ಮೊದಲೇ ತಿಳಿಸುವುದು ವಿಮೆ ಮಾಡಿಸುವವರ ಕರ್ತವ್ಯ.

ಪಟ್ಟಿ ಹೀಗಿರಲಿ: ‘ದಾರಿ ಬದಿಯ ಪೊದೆ ತೆರವು. 40 ಜನ. ಮಚ್ಚು, ಗುದ್ದಲಿ, ಪೆಟ್ರೋಲಿನಲ್ಲಿ ಓಡುವ ಕಳೆ ಕೊಚ್ಚುವ ಯಂತ್ರ 2. ಏಣಿ 3 ಮೀಟರ್‌ವರೆಗೆ. ಬೆಳಿಗ್ಗೆ 7ರಿಂದ 11.’ ಎತ್ತರ, ಅಗೆತದ ಆಳ, ನೀರಿನಲ್ಲಿ ಅಥವಾ ನೀರಿನ ಪಕ್ಕ ಕೆಲಸ, ವಿದ್ಯುತ್, ವೆಲ್ಡಿಂಗ್ ಅಥವಾ ಬೆಂಕಿ, ರಾಸಾಯನಿಕ ಸಿಂಪಡಣೆ, ಮರ ಕಡಿಯುವುದು – ಇವುಗಳಲ್ಲಿ ಯಾವುದಿದ್ದರೂ ಬಿಡಿಬಿಡಿಯಾಗಿ ಬರೆಯಿರಿ. ಹೊಣೆಗಾರಿಕೆ ಪಾಲಿಸಿಗಳಲ್ಲಿ ಎತ್ತರಕ್ಕೂ ಆಳಕ್ಕೂ ಮಿತಿ ಹಾಕಿರುವುದುಂಟು. ಹಿಂದಿನ ದಿನದ ಸಿದ್ಧತೆ, ಮರುದಿನ ಪೆಂಡಾಲು ಬಿಚ್ಚುವುದು, ಮಳೆ ಬಂದರೆ ಮುಂದೂಡುವ ದಿನಾಂಕ, ಇವೂ ಅವಧಿಯೊಳಗೆ ಸೇರಬೇಕು. ಪೆಂಡಾಲು ಬಿಚ್ಚುವಾಗಲೇ ಕಂಬ ಬೀಳುವುದು.

ಹಂತ 2: ಜನರ ಪಟ್ಟಿ

ಬರುವವರೆಲ್ಲ ಒಂದೇ ಬಗೆಯವರಲ್ಲ. ಬರಿಗೈಯಲ್ಲಿ ಬಂದು ದುಡಿದು ಹೋಗುವವರು, ಬಸ್ ಖರ್ಚು ಮಾತ್ರ ಪಡೆಯುವವರು, ತಿಂಗಳಿಗಿಷ್ಟು ಗೌರವಧನ ಪಡೆಯುವವರು, ದಿನಗೂಲಿಯವರು, ಗುತ್ತಿಗೆದಾರರ ಆಳುಗಳು. ಇವರನ್ನು ಬೇರೆ ಬೇರೆಯಾಗಿ ಬರೆಯಿರಿ. ಆಗಿರುವ ಖರ್ಚನ್ನು ರಸೀದಿ ನೋಡಿ ಕೊಟ್ಟರೆ ಅವರು ಸ್ವಯಂಸೇವಕರೇ. ಕೆಲಸ ನೋಡಿ ನಿಗದಿತ ಮೊತ್ತ ಕೊಡತೊಡಗಿದರೆ, ಹೆಸರು ‘ಗೌರವಧನ’ ಎಂದಿದ್ದರೂ, ಅವರನ್ನು ನೌಕರರೆಂದು ಎಣಿಸುವ ಸಾಧ್ಯತೆ ಇರುತ್ತದೆ. ನೌಕರರ ಗಾಯಕ್ಕೆ ಬೇಕಾದ ವಿಮೆಯೇ ಬೇರೆ. ಸಾರ್ವಜನಿಕ ಹೊಣೆಗಾರಿಕೆ ಪಾಲಿಸಿ ಅವರನ್ನು ಹೊರಗಿಡುತ್ತದೆ. ಗುತ್ತಿಗೆದಾರರು ಬಂದರೆ ಅವರ ಪಾಲಿಸಿಯ ಪ್ರತಿ ತರಿಸಿಕೊಂಡು, ಅವಧಿ ಮುಗಿದಿದೆಯೇ ನೋಡಿ.

ವಯಸ್ಸು ಮರೆಯಬೇಡಿ. ಅಪಘಾತ ವಿಮೆಗಳಲ್ಲಿ ಕೆಳಗೊಂದು ಮೇಲೊಂದು ವಯೋಮಿತಿ ಇರುತ್ತದೆ; ಶ್ರಮದಾನಕ್ಕೆ ಉತ್ಸಾಹದಿಂದ ಬರುವವರಾದರೋ ಶಾಲಾ ಮಕ್ಕಳು ಮತ್ತು ನಿವೃತ್ತರು! ಮಿತಿಯಾಚೆ ಇರುವವರನ್ನು ಸೇರಿಸಲು ಪಾಲಿಸಿಗೆ ತಿದ್ದುಪಡಿ, ಅಂದರೆ ಎಂಡಾರ್ಸ್‌ಮೆಂಟ್ ಕೇಳಿ. ಅದು ಸಿಗದಿದ್ದರೆ ಅವರಿಗೆ ನೀರು ಹಂಚುವ, ಹಾಜರಿ ಬರೆಯುವ ಕೆಲಸ ಕೊಡಿ.

ಹೆಸರು ಹೆಸರಾಗಿ ವಿಮೆಯೋ, ತಲೆಯೆಣಿಕೆಯ ಮೇಲೋ? ಪ್ರತಿ ವಾರ ಅದೇ ಜನ ಬರುವುದಾದರೆ ಹೆಸರಿನ ಪಟ್ಟಿ ಒಳ್ಳೆಯದು. ಯಾರು ಬರುತ್ತಾರೋ ಗೊತ್ತಿಲ್ಲ ಎಂದಾದರೆ ಹೆಸರಿಲ್ಲದ ಪಾಲಿಸಿ. ಆಗ ಹಾಜರಿ ಪುಸ್ತಕವೇ ಸಾಕ್ಷಿ. 40 ಜನರೆಂದು ಹೇಳಿ 60 ಜನರನ್ನು ಇಳಿಸಿದರೆ, ಗಾಯಗೊಂಡವರು ಆ 40ರಲ್ಲಿ ಒಬ್ಬರೇ ಎಂದು ತೋರಿಸುವುದು ಹೇಗೆ?

ಹಂತ 3: ಪಾಲಿಸಿಯಲ್ಲಿ ಓದಲೇಬೇಕಾದ ಸಾಲುಗಳು

ಎಲ್ಲಕ್ಕಿಂತ ಮೊದಲು ‘ವಿಮೆಗೆ ಒಳಪಟ್ಟವರು’ ಎಂಬ ವ್ಯಾಖ್ಯೆ. ಅಲ್ಲಿ ‘ಸ್ವಯಂಸೇವಕ’ ಎಂಬ ಪದ ಅಚ್ಚಾಗಿರಬೇಕು. ಏಜೆಂಟರು ಬಾಯಲ್ಲಿ ‘ಎಲ್ಲ ಬರುತ್ತೆ ಸಾರ್’ ಎಂದದ್ದು ಕ್ಲೇಮಿನ ಹೊತ್ತಿಗೆ ಲೆಕ್ಕಕ್ಕಿಲ್ಲ.

ಅದರಲ್ಲೇ ಇನ್ನೊಂದು ತೊಡಕು. ಒಬ್ಬ ಸ್ವಯಂಸೇವಕನ ಗುದ್ದಲಿ ಇನ್ನೊಬ್ಬ ಸ್ವಯಂಸೇವಕಿಯ ಕಾಲಿಗೆ ಬಿತ್ತು ಅನ್ನಿ. ಇಬ್ಬರೂ ವಿಮೆಗೆ ಒಳಪಟ್ಟವರೇ ಆದ್ದರಿಂದ ಆಕೆ ‘ಮೂರನೆಯವರು’, ಅಂದರೆ ಪಾಲಿಸಿಯ ಹೊರಗಿನವರು, ಅಲ್ಲ ಎಂದು ಕಂಪನಿ ವಾದಿಸಬಹುದು. ಪ್ರತಿಯೊಬ್ಬರನ್ನೂ ಬೇರೆ ಬೇರೆ ಪಾಲಿಸಿ ಇದ್ದವರಂತೆ ನೋಡುವ ‘ಕ್ರಾಸ್ ಲಯಬಿಲಿಟಿ’ ಷರತ್ತು ಸೇರಿದ್ದರೆ ಈ ವಾದ ನಿಲ್ಲುವುದಿಲ್ಲ. ಇದನ್ನು ಕೇಳಿ ಪಡೆಯಬೇಕು. ತಾನಾಗಿ ಬಂದಿರುತ್ತದೆ ಎಂದು ನಂಬಬೇಡಿ.

ಹೊಣೆಗಾರಿಕೆಯ ಮೊತ್ತಕ್ಕೆ ಎರಡು ಮಿತಿ ಇರಬಹುದು: ಒಂದು ಘಟನೆಗೆ ಇಷ್ಟು, ಇಡೀ ವರ್ಷಕ್ಕೆ ಇಷ್ಟು. ಎರಡೂ ಒಂದೇ ಅಂಕಿಯಾಗಿದ್ದರೆ, ಜೂನ್‌ನಲ್ಲಿ ಒಂದು ದೊಡ್ಡ ಕ್ಲೇಮು ಆದರೆ ಉಳಿದ ತಿಂಗಳುಗಳಿಗೆ ಏನೂ ಉಳಿಯದಿರಬಹುದು. ಪ್ರತಿ ಕ್ಲೇಮಿನಲ್ಲೂ ಸಂಘವೇ ಭರಿಸಬೇಕಾದ ಮೊದಲ ಪಾಲು ಎಷ್ಟೆಂದೂ ನೋಡಿ. ಸಣ್ಣಪುಟ್ಟ ಗಾಜು ಒಡೆದದ್ದೆಲ್ಲ ಅದರೊಳಗೇ ಮುಗಿದುಹೋಗುತ್ತದೆ.

ಹೊಣೆಗಾರಿಕೆ ಪಾಲಿಸಿಗಳು ಸಾಮಾನ್ಯವಾಗಿ ಕೈಬಿಡುವ ಎರಡು ವಸ್ತುಗಳಿವೆ: ನಿಮ್ಮ ವಶದಲ್ಲಿರುವುದು ಮತ್ತು ನೀವು ಕೆಲಸ ಮಾಡುತ್ತಿರುವುದು. ಕಡ ತಂದ ಜನರೇಟರ್ ಸುಟ್ಟರೆ ಮೊದಲನೆಯದು. ಬಣ್ಣ ಬಳಿಯುತ್ತಿದ್ದ ಗೋಡೆಯ ಗಾರೆಯೇ ಕಿತ್ತುಬಂದರೆ ಎರಡನೆಯದು. ಅದೇ ಬಣ್ಣ ಪಕ್ಕದ ಕಾರಿನ ಮೇಲೆ ಚೆಲ್ಲಿದರೆ ಅದು ಮೂರನೆಯವರ ಆಸ್ತಿ, ಕ್ಲೇಮು ಹಾಕಬಹುದು.

ಅಪಘಾತ ಪಾಲಿಸಿಯಲ್ಲಿ ‘ಅಪಘಾತ’ ಎಂದರೆ ಹಠಾತ್ತಾಗಿ, ಹೊರಗಿನಿಂದ, ಕಣ್ಣಿಗೆ ಕಾಣುವಂತೆ ಆದದ್ದು. ಗುಂಡಿ ತೋಡುವಾಗ ಹೃದಯಾಘಾತವಾದರೆ ಅದು ಕಾಯಿಲೆಯ ಲೆಕ್ಕ. ಚರಂಡಿ ಶುಚಿ ಮಾಡಿ ವಾರ ಹತ್ತು ದಿನಕ್ಕೆ ಇಲಿಜ್ವರ ಬಂದರೂ ಹಾಗೆಯೇ. ಹಾವು ಕಡಿತ, ಜೇನು ಕಡಿತ, ಬಿಸಿಲ ಹೊಡೆತ – ಇವು ಪಾಲಿಸಿಯಿಂದ ಪಾಲಿಸಿಗೆ ಬದಲಾಗುತ್ತವೆ; ಬರಹದಲ್ಲಿ ಉತ್ತರ ಪಡೆಯಿರಿ. ಅಂಗನಷ್ಟದ ಕೋಷ್ಟಕವನ್ನೂ ನೋಡಿ. ಎರಡೂ ಕಣ್ಣು ಅಥವಾ ಎರಡು ಅಂಗ ಹೋದರೆ ಮೊತ್ತದ 100%, ಒಂದು ಕಣ್ಣು ಅಥವಾ ಒಂದು ಅಂಗಕ್ಕೆ 50% ಎಂಬುದು ಬಹಳ ಕಡೆ ಕಾಣುವ ಅಳತೆ. ಆದರೆ ನಿಜವಾಗಿ ಹೆಚ್ಚು ಆಗುವುದು ಮೂಳೆ ಮುರಿತ, ಕೊಯ್ತ. ಅದಕ್ಕೆ ಚಿಕಿತ್ಸಾ ವೆಚ್ಚ ಮತ್ತು ದುಡಿಯಲಾಗದೆ ಮಲಗಿದಾಗ ಸಿಗುವ ವಾರದ ಭತ್ಯೆ ಸೇರಿಸದಿದ್ದರೆ ಪಾಲಿಸಿ ಇದ್ದೂ ಕೈಗೆ ಏನೂ ಬರುವುದಿಲ್ಲ. ಮೊತ್ತ ದೊಡ್ಡದಿರುವುದಕ್ಕಿಂತ ಈ ಎರಡು ಸೌಲಭ್ಯ ಇರುವುದು ಮುಖ್ಯ ಎಂಬುದು ನಮ್ಮ ಅಭಿಪ್ರಾಯ.

ಹಂತ 4: ವಾಹನ ಮತ್ತು ಜಾಗ

ರಸ್ತೆಯ ಮೇಲಿನ ಮೋಟಾರು ವಾಹನದಿಂದ ಆದದ್ದು ಹೊಣೆಗಾರಿಕೆ ಪಾಲಿಸಿಗೆ ಬರುವುದಿಲ್ಲ, ಆ ವಾಹನದ ವಿಮೆಗೇ ಹೋಗಬೇಕು. ಸ್ವಂತ ಕಾರಿನಲ್ಲಿ ಗಿಡ, ಸಾಮಾನು, ಜನ ಸಾಗಿಸುವವರು ತಮ್ಮ ವಿಮಾ ಕಂಪನಿಗೆ ಒಂದು ಪತ್ರ ಬರೆದು, ಸ್ವಯಂಸೇವೆಗೆ ಬಳಸಬಹುದು ಎಂಬ ಉತ್ತರವನ್ನು ಫೈಲಿನಲ್ಲಿಡಲಿ. ಸರಕಿನ ವಾಹನದ ಹಿಂದೆ ಜನರನ್ನು ನಿಲ್ಲಿಸಿಕೊಂಡು ಹೋಗುವುದಂತೂ ಬೇಡವೇ ಬೇಡ.

ಜಾಗ ಯಾರದೋ ಅವರಿಂದ ಲಿಖಿತ ಅನುಮತಿ ಪಡೆಯಿರಿ. ಮಾಲೀಕರು ತಮ್ಮ ಹೆಸರನ್ನೂ ಪಾಲಿಸಿಗೆ ಸೇರಿಸಿ ಎನ್ನಬಹುದು. ಹಾಗಿದ್ದರೆ ಕೆಲಸಕ್ಕೆ ಎರಡು ವಾರ ಮೊದಲೇ ವಿಮಾ ಕಂಪನಿಗೆ ಹೇಳಿ. ಹಿಂದಿನ ಸಂಜೆ ಕೇಳಿದರೆ ಅವರ ಹೆಸರು ಸೇರಿದ ವಿಮಾ ಪ್ರಮಾಣಪತ್ರ ಸಿಗುವುದು ಕಷ್ಟ.

ಹಂತ 5: ಕೆಲಸದ ದಿನ

ಹಾಜರಿ ಹಾಕಿದ ಮೇಲೆಯೇ ಕೈಗೆ ಸಲಕರಣೆ. ಹೆಸರು, ವಯಸ್ಸು, ಬಂದ ಹೊತ್ತು, ಹೋದ ಹೊತ್ತು, ಕೊಟ್ಟ ಕೆಲಸ, ಸಹಿ. ‘ಏನಾದರೂ ಆದರೆ ನಾನೇ ಹೊಣೆ’ ಎಂದು ಬರೆಸಿಕೊಳ್ಳುವ ಚೀಟಿ ವಿಮೆಯ ಬದಲಿಗೆ ಬರುವುದಿಲ್ಲ. ಸಂಘದ ನಿರ್ಲಕ್ಷ್ಯ ಸಾಬೀತಾದರೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಹೊಣೆಗಾರಿಕೆ ಪಾಲಿಸಿಗಳಲ್ಲಿ ‘ತಕ್ಕ ಎಚ್ಚರಿಕೆ ವಹಿಸಿರಬೇಕು’ ಎಂಬ ಷರತ್ತೂ ಇರುತ್ತದೆ. ಕಳೆ ಕೊಚ್ಚುವ ಯಂತ್ರದ ಸುತ್ತ 15 ಮೀಟರ್ ಒಳಗೆ ಯಾರೂ ನಿಲ್ಲಬಾರದು ಎಂದು ತಯಾರಕರ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ, ಏಕೆಂದರೆ ಅದು ಕಲ್ಲನ್ನು ಗುಂಡಿನಂತೆ ಸಿಡಿಸುತ್ತದೆ. ಹಗ್ಗ ಕಟ್ಟಿದ್ದರ, ಕೆಲಸಕ್ಕೆ ಮುಂಚೆ ಸೂಚನೆ ಕೊಟ್ಟದ್ದರ ಫೋಟೊ ತೆಗೆದಿಡಿ.

ಹಂತ 6: ಅಪಘಾತವಾದರೆ

ಮೊದಲು ಚಿಕಿತ್ಸೆ. ಆಸ್ಪತ್ರೆಯಲ್ಲಿ ಜೊತೆಗಿದ್ದವರು ಒಂದು ವಿಷಯ ಗಮನಿಸಲಿ: ಗಾಯ ಹೇಗಾಯಿತು ಎಂದು ಮೊದಲ ಚೀಟಿಯಲ್ಲಿ ಬರೆದದ್ದೇ ಕೊನೆಯವರೆಗೂ ನಡೆಯುತ್ತದೆ. ಗಡಿಬಿಡಿಯಲ್ಲಿ ‘ಮನೆಯಲ್ಲಿ ಜಾರಿ ಬಿದ್ದದ್ದು’ ಎಂದು ಯಾರೋ ಬರೆಸಿಬಿಟ್ಟರೆ ಕ್ಲೇಮು ಅಲ್ಲಿಗೇ ಮುಗಿದಂತೆ.

ಇತ್ತ ಕೆಲಸದ ಜಾಗದಲ್ಲಿ ಮುರಿದ ಏಣಿಯನ್ನು ಎಸೆಯಬೇಡಿ, ರಿಪೇರಿಯನ್ನೂ ಮಾಡಬೇಡಿ. ಚೀಟಿ ಅಂಟಿಸಿ ಎತ್ತಿಡಿ. ಕಂಡವರಿಬ್ಬರ ಹೇಳಿಕೆಯನ್ನು ಅದೇ ದಿನ ಬರೆಸಿ. ಹೊರಗಿನವರಿಗೆ ಪೆಟ್ಟಾಗಿದ್ದರೆ ಸಹಾಯ ಮಾಡಿ, ಕ್ಷೇಮ ವಿಚಾರಿಸಿ. ಆದರೆ ‘ತಪ್ಪು ನಮ್ಮದೇ, ಖರ್ಚೆಲ್ಲ ಕೊಡುತ್ತೇವೆ’ ಎಂದು ಬರೆದುಕೊಡಬೇಡಿ. ಕಂಪನಿಯ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಂಡರೆ ಪಾಲಿಸಿಯ ಷರತ್ತು ಮುರಿದಂತಾಗುತ್ತದೆ. ವಕೀಲರ ನೋಟಿಸು ಬರಲಿ ಎಂದು ಕಾಯದೆ, ಘಟನೆಯನ್ನು ಮರುದಿನವೇ ಇಮೇಲಿನಲ್ಲಿ ತಿಳಿಸಿ. ಮೂಲ ಬಿಲ್ಲು ಒಪ್ಪಿಸುವ ಮುನ್ನ ಜೆರಾಕ್ಸ್ ತೆಗೆದುಕೊಳ್ಳಿ.

ಹೊಣೆಗಾರಿಕೆ ಪಾಲಿಸಿಗಳಲ್ಲಿ ಎರಡು ಬಗೆ. ಘಟನೆ ನಡೆದ ದಿನ ಚಾಲ್ತಿಯಲ್ಲಿದ್ದರೆ ಸಾಕೆನ್ನುವುದು ಒಂದು. ಪರಿಹಾರದ ಬೇಡಿಕೆ ಬಂದ ದಿನ ಚಾಲ್ತಿಯಲ್ಲಿರಬೇಕು ಎನ್ನುವುದು ಇನ್ನೊಂದು. ಎರಡನೆಯದಾದರೆ, ಈ ವರ್ಷ ಶ್ರಮದಾನ ಇಲ್ಲವೆಂದು ನವೀಕರಣ ಬಿಟ್ಟರೆ ಹೋದ ವರ್ಷದ ಘಟನೆಗೂ ರಕ್ಷಣೆ ಹೋಗಬಹುದು. ಮೊದಲನೆಯದಾದರೆ ಹಳೆಯ ಪಾಲಿಸಿಯನ್ನೂ ಆ ವರ್ಷದ ಹಾಜರಿ ಪುಸ್ತಕವನ್ನೂ ಒಟ್ಟಿಗೆ ಕಟ್ಟಿ ಸಂಘದ ಬೀರುವಿನಲ್ಲಿಡಿ, ಹಿಂದಿನ ಕಾರ್ಯದರ್ಶಿಯ ಮನೆಯಲ್ಲಲ್ಲ.