ಪ್ರೊಜೆಕ್ಟರಿಗೆ ಕಂಪ್ಯೂಟರ್ ಜೋಡಿಸುವಾಗ ನಾನು ಪಾಲಿಸುವ ಕ್ರಮ: ನನ್ನ ಅನುಭವ

ಉಪನ್ಯಾಸಕ್ಕೆಂದು ಮೊದಲ ಸಲ ಪ್ರೊಜೆಕ್ಟರಿಗೆ ಲ್ಯಾಪ್‌ಟಾಪ್ ಜೋಡಿಸಿದಾಗ ಪರದೆಯ ಮೇಲೆ ‘ನೋ ಸಿಗ್ನಲ್’ ಎಂಬ ಬರಹ ಬಿಟ್ಟರೆ ಬೇರೇನೂ ಮೂಡಲಿಲ್ಲ. ಕೇಬಲನ್ನು ನಾಲ್ಕಾರು ಬಾರಿ ಕಿತ್ತು ಸಿಕ್ಕಿಸಿದೆ, ಲ್ಯಾಪ್‌ಟಾಪನ್ನು ಎರಡು ಸಲ ಆರಿಸಿ ಮತ್ತೆ ಹಚ್ಚಿದೆ. ಕೊನೆಗೆ ಕೇಳುಗರಲ್ಲೊಬ್ಬರು ಎದ್ದು ಬಂದು ರಿಮೋಟಿನ ‘ಸೋರ್ಸ್’ ಗುಂಡಿಯನ್ನು ಒತ್ತಿದರು, ಚಿತ್ರ ಬಂತು. ಪ್ರೊಜೆಕ್ಟರಿನಲ್ಲಿ ಚಿತ್ರ ಪಡೆಯಲು ಎಚ್‌ಡಿಎಂಐ, ವಿಜಿಎ ಎಂಬ ಎರಡು ಬಗೆಯ ಪೋರ್ಟುಗಳಿದ್ದವು; ಕೇಬಲ್ ಇದ್ದದ್ದು ಎಚ್‌ಡಿಎಂಐ ಪೋರ್ಟಿನಲ್ಲಿ, ಪ್ರೊಜೆಕ್ಟರ್ ಕಾಯುತ್ತಿದ್ದದ್ದು ವಿಜಿಎ ಪೋರ್ಟಿನ ಸಂಕೇತಕ್ಕೆ. ಆ ದಿನದಿಂದ ನಾನು ಕೇಬಲನ್ನು ದೂರುವುದಕ್ಕೆ ಮೊದಲು ಸೋರ್ಸ್ ನೋಡುತ್ತೇನೆ.

ಈಗ ನಾನು ಅನುಸರಿಸುವ ಕ್ರಮ ಹೀಗಿದೆ. ಮೊದಲು ಕೇಬಲಿನ ಎರಡೂ ತುದಿಗಳನ್ನು ಸಿಕ್ಕಿಸಿ, ಪ್ರೊಜೆಕ್ಟರನ್ನು ಹಚ್ಚಿ, ಸರಿಯಾದ ಸೋರ್ಸ್ ಆರಿಸಿ, ದೀಪ ಪೂರ್ತಿ ಬೆಳಗಿದ ಮೇಲೆಯೇ ಕಂಪ್ಯೂಟರನ್ನು ಆನ್ ಮಾಡುತ್ತೇನೆ. ಇದಕ್ಕೆ ಕಾರಣವಿದೆ. ಪ್ರೊಜೆಕ್ಟರ್ ತಾನು ಎಂಥ ಸಾಧನ, ಯಾವ ರೆಸೊಲ್ಯೂಷನ್‌ಗಳನ್ನು (ಅಂದರೆ ಚಿತ್ರದಲ್ಲಿ ಅಡ್ಡಕ್ಕೆ ಮತ್ತು ಉದ್ದಕ್ಕೆ ಎಷ್ಟೆಷ್ಟು ಚುಕ್ಕೆಗಳು ಎಂಬ ಅಳತೆಗಳನ್ನು) ತೋರಿಸಬಲ್ಲೆ ಎಂಬ ವಿವರವನ್ನು ಇಡಿಐಡಿ ಎಂಬ ಪುಟ್ಟ ದಾಖಲೆಯಲ್ಲಿ ಇಟ್ಟುಕೊಂಡಿರುತ್ತದೆ. ಅದರ ಮೂಲ ಭಾಗ ಕೇವಲ 128 ಬೈಟ್‌ಗಳಷ್ಟು. ಕಂಪ್ಯೂಟರ್ ಅದನ್ನು ಕೇಬಲಿನೊಳಗಿನ ಪ್ರತ್ಯೇಕ ತಂತಿಗಳ ಮೂಲಕ ಓದಿಕೊಂಡು, ಅದಕ್ಕೆ ತಕ್ಕ ಚಿತ್ರವನ್ನು ಕಳುಹಿಸುತ್ತದೆ. ಈ ಓದು ನಡೆಯದಿದ್ದರೆ ಎರಡನೆಯ ಪರದೆಯೊಂದು ಇದೆ ಎಂಬುದೇ ಕಂಪ್ಯೂಟರಿಗೆ ತಿಳಿಯದೆ ಹೋಗಬಹುದು, ಇಲ್ಲವೆ ಅದು 1024×768ರಂತಹ ಹಳೆಯ ಅಳತೆಗೆ ನಿಂತುಬಿಡಬಹುದು. ಕ್ರಮ ತಪ್ಪಿದರೂ ಬಹಳಷ್ಟು ಹೊಸ ಯಂತ್ರಗಳು ಹೊಂದಿಕೊಳ್ಳುತ್ತವೆ ಎಂಬುದು ನಿಜ. ಆದರೆ ಕೋಣೆಯಲ್ಲಿ ಜನ ಕಾಯುತ್ತಿರುವಾಗ ಅದನ್ನು ನಂಬಿ ಕೂರುವ ಧೈರ್ಯ ನನಗಿಲ್ಲ.

ಚಿತ್ರ ತಾನಾಗಿ ಬಾರದಿದ್ದರೆ ವಿಂಡೋಸ್‌ನಲ್ಲಿ ವಿಂಡೋಸ್ ಕೀ ಮತ್ತು ‘ಪಿ’ ಕೀಗಳನ್ನು ಒಟ್ಟಿಗೆ ಒತ್ತುತ್ತೇನೆ. ಅಲ್ಲಿ ಕಾಣುವ ನಾಲ್ಕು ಆಯ್ಕೆಗಳಲ್ಲಿ ‘ಡೂಪ್ಲಿಕೇಟ್’ ಎಂದರೆ ಎರಡೂ ಕಡೆ ಒಂದೇ ಚಿತ್ರ, ‘ಎಕ್ಸ್‌ಟೆಂಡ್’ ಎಂದರೆ ಪ್ರೊಜೆಕ್ಟರ್ ಪರದೆ ಡೆಸ್ಕ್‌ಟಾಪಿನ ಮುಂದುವರಿದ ಭಾಗ. ಉಳಿದೆರಡು, ಕಂಪ್ಯೂಟರಿನ ಪರದೆ ಮಾತ್ರ ಅಥವಾ ಪ್ರೊಜೆಕ್ಟರ್ ಮಾತ್ರ. ಹೊಸಬರಿಗೆ ಡೂಪ್ಲಿಕೇಟ್ ಸುಲಭ. ನಾನಂತೂ ಎಕ್ಸ್‌ಟೆಂಡ್ ಬಿಟ್ಟು ಬೇರೆಯದನ್ನು ಬಳಸುವುದಿಲ್ಲ, ಏಕೆಂದರೆ ಸ್ಲೈಡ್ ಪರದೆಯ ಮೇಲೆ ಇರುವಾಗ ನನ್ನ ಟಿಪ್ಪಣಿ ಮತ್ತು ಮುಂದಿನ ಸ್ಲೈಡ್ ಎರಡೂ ಲ್ಯಾಪ್‌ಟಾಪಿನಲ್ಲಿ ನನಗೊಬ್ಬನಿಗೇ ಕಾಣುತ್ತವೆ. ಜೊತೆಗೆ ಡೂಪ್ಲಿಕೇಟ್‌ನಲ್ಲಿ ಎರಡು ಪರದೆಗಳಿಗೂ ಹೊಂದುವ ಒಂದೇ ರೆಸೊಲ್ಯೂಷನ್ ಬೇಕಾಗುವುದರಿಂದ ಯಾವುದಾದರೊಂದರ ಅಕ್ಷರಗಳು ಮಸುಕಾಗುವುದುಂಟು. ಪ್ರೊಜೆಕ್ಟರಿನ ಸಹಜ ರೆಸೊಲ್ಯೂಷನ್ 1280×800 ಆಗಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅದನ್ನೇ ಕೊಡುವುದು ಒಳ್ಳೆಯದು. 1920×1080 ಕೊಟ್ಟರೂ ಎಷ್ಟೋ ಪ್ರೊಜೆಕ್ಟರ್‌ಗಳು ಅದನ್ನು ಸ್ವೀಕರಿಸುತ್ತವೆ, ಆದರೆ ಒಳಗೆ ಕುಗ್ಗಿಸಿ ತೋರಿಸುವುದರಿಂದ ಕೋಷ್ಟಕದ ಸಣ್ಣ ಅಂಕಿಗಳು ಕಲಸಿಹೋಗುತ್ತವೆ.

ನನ್ನ ಹೆಚ್ಚಿನ ಸಮಯವನ್ನು ತಿಂದದ್ದು ಅಡಾಪ್ಟರ್‌ಗಳು. ವಿಜಿಎ 1987ರಲ್ಲಿ ಬಂದ ಅನಲಾಗ್ ವ್ಯವಸ್ಥೆ, ಎಚ್‌ಡಿಎಂಐ ಡಿಜಿಟಲ್. ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ಹೋಗಲು ಪಿನ್ ಬದಲಿಸಿದರೆ ಸಾಲದು, ಸಂಕೇತವನ್ನೇ ಪರಿವರ್ತಿಸುವ ಚಿಪ್ ಬೇಕು. ಈ ಪರಿವರ್ತನೆ ಸಾಮಾನ್ಯವಾಗಿ ಒಂದೇ ದಿಕ್ಕಿನದು. ಲ್ಯಾಪ್‌ಟಾಪಿನ ಎಚ್‌ಡಿಎಂಐಯಿಂದ ಪ್ರೊಜೆಕ್ಟರಿನ ವಿಜಿಎಗೆ ಹೋಗುವ ಅಡಾಪ್ಟರನ್ನು ಹಿಂದುಮುಂದಾಗಿ ಬಳಸಲು ಹೋಗಿ ನಾನು ಒಂದು ಇಡೀ ಮಧ್ಯಾಹ್ನ ಕಳೆದಿದ್ದೇನೆ. ಯುಎಸ್‌ಬಿ-ಸಿ ಪೋರ್ಟಿನ ಕಥೆ ಇನ್ನೂ ತೊಡಕಿನದು: ಎಲ್ಲ ಪೋರ್ಟುಗಳೂ ನೋಡಲು ಒಂದೇ ತರಹ ಇದ್ದರೂ ಕೆಲವು ಚಾರ್ಜಿಂಗ್ ಮತ್ತು ದತ್ತಾಂಶಕ್ಕೆ ಮಾತ್ರ ಮೀಸಲು, ಅವುಗಳಿಂದ ಚಿತ್ರ ಹೊರಬರುವುದಿಲ್ಲ. ಡಿಸ್‌ಪ್ಲೇಪೋರ್ಟ್ ಅಥವಾ ಥಂಡರ್‌ಬೋಲ್ಟ್ ಗುರುತು ಇದೆಯೇ ಎಂದು ಪೋರ್ಟಿನ ಪಕ್ಕದಲ್ಲಿ ನೋಡಬೇಕು, ಇಲ್ಲದಿದ್ದರೆ ಕಂಪ್ಯೂಟರಿನ ಕೈಪಿಡಿಯನ್ನು ತೆರೆಯಬೇಕು.

ವಿಜಿಎಯಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಬೇರೆ ಬೇರೆ ಪಿನ್ ಇರುವುದರಿಂದ ಪಿನ್ ಬಾಗಿದರೆ ಇಡೀ ಚಿತ್ರಕ್ಕೆ ಬಣ್ಣ ಹತ್ತುತ್ತದೆ. ಬಿಳಿ ಸ್ಲೈಡ್ ಹಳದಿಯಾಗಿ ಕಂಡರೆ ನೀಲಿ ತಲುಪುತ್ತಿಲ್ಲ ಎಂದೇ ಅರ್ಥ. ಹೀಗಾದಾಗ ಸೆಟ್ಟಿಂಗ್ಸ್ ತಡಕಾಡದೆ ಪ್ಲಗ್ಗನ್ನು ಹೊರತೆಗೆದು ಪಿನ್ನುಗಳನ್ನು ನೋಡುತ್ತೇನೆ, ಮತ್ತೆ ಸಿಕ್ಕಿಸಿದ ಮೇಲೆ ಎರಡು ಬದಿಯ ಸ್ಕ್ರೂಗಳನ್ನು ಬಿಗಿಯುತ್ತೇನೆ.

ಧ್ವನಿಯ ವಿಷಯ ಸರಳ. ವಿಜಿಎಯಲ್ಲಿ ಧ್ವನಿ ಹೋಗುವುದೇ ಇಲ್ಲ, ಅದಕ್ಕೆ ಬೇರೆ ಆಡಿಯೋ ಕೇಬಲ್ ಬೇಕು. ಎಚ್‌ಡಿಎಂಐಯಲ್ಲಿ ಹೋಗುತ್ತದೆ, ಆದರೆ ಕಂಪ್ಯೂಟರ್ ಅದನ್ನು ಪ್ರೊಜೆಕ್ಟರಿನ ಸಣ್ಣ ಸ್ಪೀಕರಿಗೆ ತಾನಾಗಿ ತಿರುಗಿಸಿಬಿಡಬಹುದು, ಆಗ ಔಟ್‌ಪುಟ್ ಸಾಧನವನ್ನು ಕೈಯಿಂದ ಬದಲಿಸಬೇಕಾಗುತ್ತದೆ.

ಚಿತ್ರ ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿ ಬಂದರೆ ಕೀಸ್ಟೋನ್ ಗುಂಡಿಗೆ ಕೈ ಹಾಕುವ ಮೊದಲು ಪ್ರೊಜೆಕ್ಟರನ್ನೇ ಎತ್ತಿ ಪರದೆಗೆ ನೇರವಾಗಿ ಇಡಲು ನೋಡುತ್ತೇನೆ. ಡಿಜಿಟಲ್ ಕೀಸ್ಟೋನ್ ಚಿತ್ರವನ್ನು ಒಳಗೇ ಕುಗ್ಗಿಸಿ ಆಕಾರ ಸರಿಪಡಿಸುವುದರಿಂದ ಸ್ವಲ್ಪ ಸ್ಪಷ್ಟತೆ ಕಳೆದುಹೋಗುತ್ತದೆ.

ಕೆಲಸ ಮುಗಿದ ಮೇಲೆ ಕೇಬಲ್ ಕೀಳುವುದಕ್ಕೆ ಅವಸರವಿಲ್ಲ. ದೀಪವಿರುವ ಪ್ರೊಜೆಕ್ಟರನ್ನು ರಿಮೋಟಿನಿಂದ ಆರಿಸಿದ ನಂತರವೂ ಒಳಗಿನ ಫ್ಯಾನ್ ತಿರುಗುತ್ತಲೇ ಇರುತ್ತದೆ. ಅದು ನಿಲ್ಲುವವರೆಗೆ ನಾನು ಲ್ಯಾಪ್‌ಟಾಪನ್ನು ಚೀಲಕ್ಕೆ ಸೇರಿಸುತ್ತೇನೆ, ಅಡಾಪ್ಟರನ್ನು ಎಣಿಸಿ ಇಟ್ಟುಕೊಳ್ಳುತ್ತೇನೆ, ಫ್ಯಾನ್ ನಿಂತ ಮೇಲೆ ಗೋಡೆಯ ಸ್ವಿಚ್ಚನ್ನು ಆರಿಸುತ್ತೇನೆ.