ಎಟಿವಿ ಎಂಜಿನ್ ಕಟ್ಟುವಾಗ ಒಂದು ಹಲ್ಲೂ ತಪ್ಪಬಾರದು

"ರಿಂಗು, ಪಿಸ್ಟನ್ ಎಲ್ಲ ಹೊಸದು ಕಣೋ. ಆದ್ರೂ ಸ್ಟಾರ್ಟ್ ಆಗ್ತಿಲ್ಲ. ಬ್ಯಾಟರಿ ಖಾಲಿಯಾಗಿದ್ದಷ್ಟೇ ಲಾಭ."

ಮೂಡಿಗೆರೆ ಕಡೆ ಹೋಂಸ್ಟೇ ನಡೆಸುವ ನಮ್ಮ ಭಾವ ಹೀಗೆ ಫೋನ್ ಮಾಡಿದ್ದು ಡಿಸೆಂಬರ್ ಕೊನೇ ವಾರದಲ್ಲಿ. ಮನೆ ತುಂಬ ಅತಿಥಿಗಳು. ಮಕ್ಕಳೆಲ್ಲ ಎಟಿವಿ (ದಪ್ಪ ಟೈರಿನ ನಾಲ್ಕು ಚಕ್ರದ ಗಾಡಿ) ಸುತ್ತಲೇ ನಿಂತಿದ್ದಾರೆ. ತೋಟದ ಧೂಳು ಕುಡಿದು ಹೊಗೆ ಉಗುಳುತ್ತಿದ್ದ 110 ಸಿಸಿ ಗಾಡಿಯದು. ಹಿಂದಿನ ವಾರವಷ್ಟೇ ಒಂದು ಗ್ಯಾರೇಜಿನಲ್ಲಿ ಹೆಡ್ (ಸಿಲಿಂಡರಿನ ತಲೆಭಾಗ, ವಾಲ್ವ್‌ಗಳಿರುವುದು ಇಲ್ಲೇ) ಬಿಚ್ಚಿಸಿ, ಬೋರ್ ಮಾಡಿಸಿ ತಂದಿದ್ದರು.

ಹೋಗಿ ಪ್ಲಗ್ ಬಿಚ್ಚಿದೆ. ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಸೆಲ್ಫ್ ಹೊಡೆಸಿದೆ. ಹೊಸ ರಿಂಗಿನ ಎಂಜಿನ್ ಬೆರಳನ್ನು ಪಟ್ಟಂತ ತಳ್ಳಬೇಕು. ಇದು ಸುಮ್ನೆ ಉಸಿರು ಬಿಟ್ಟ ಹಾಗೆ ಮಾಡಿತು. ಹೆಡ್ಡಿನ ಎಡಗಡೆಯ ದುಂಡನೆ ಮುಚ್ಚಳ ತೆಗೆದು ನೋಡಿದರೆ, ಕ್ಯಾಮ್ (ವಾಲ್ವ್ ತೆರೆಸುವ ಉಬ್ಬುಗಳ ದಂಡ) ಚಕ್ರದ ಚುಕ್ಕಿ ತಾನು ಇರಬೇಕಾದ ಕಚ್ಚಿಗಿಂತ ಐದಾರು ಮಿ.ಮೀ. ಮೇಲೆ ಕೂತಿತ್ತು. ಒಂದೇ ಒಂದು ಹಲ್ಲು ತಪ್ಪಿತ್ತು.

ಅಷ್ಟು ಕಡಿಮೆ ಸರಿದರೆ ಇಷ್ಟೊಂದು ತೊಂದರೆ ಯಾಕೆ? ಪಿಸ್ಟನ್ ತಿರುಗಿಸುವ ದಂಡವೇ ಕ್ರ್ಯಾಂಕ್. ಅದನ್ನೂ ಕ್ಯಾಮನ್ನೂ ಟೈಮಿಂಗ್ ಚೈನು ಜೋಡಿಸುತ್ತದೆ. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು ತಿರುಗುತ್ತದೆ. ಈ ಜಾತಿಯ ಎಂಜಿನ್‌ನಲ್ಲಿ ಸಾಮಾನ್ಯವಾಗಿ ಕ್ರ್ಯಾಂಕಿಗೆ 14 ಹಲ್ಲು, ಕ್ಯಾಮ್ ಚಕ್ರಕ್ಕೆ 28 ಹಲ್ಲು. ಒಂದು ಹಲ್ಲು ತಪ್ಪಿದರೆ ಕ್ಯಾಮ್ ಸುಮಾರು 13 ಡಿಗ್ರಿ ಸರಿಯುತ್ತದೆ. ಕ್ರ್ಯಾಂಕ್ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ 26 ಡಿಗ್ರಿ. ಕ್ಯಾಮ್ ಅಷ್ಟು ಹಿಂದೆ ಬಿದ್ದರೆ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಪಿಸ್ಟನ್ ಮೇಲೆ ಬರುತ್ತಾ ಒಳಗೆ ಎಳೆದುಕೊಂಡಿದ್ದ ಗಾಳಿಯನ್ನೇ ವಾಪಸ್ ಹೊರಗೆ ತಳ್ಳುತ್ತದೆ. ಕಂಪ್ರೆಷನ್ ಎಲ್ಲಿಂದ ಬರಬೇಕು?

ಒಳ್ಳೆಯ ಸಂಗತಿ ಏನೆಂದರೆ, ಈ ಎಂಜಿನ್ ನಮ್ಮ ಮೆಕ್ಯಾನಿಕ್‌ಗಳಿಗೆ ಹೊಸದಲ್ಲ. ಮಕ್ಕಳ, ಹೋಂಸ್ಟೇಗಳ ಸಣ್ಣ ಎಟಿವಿಗಳಲ್ಲಿ ಜಾಸ್ತಿ ಇರುವುದು ಮಲಗಿದ ಸಿಲಿಂಡರಿನ, ಒಂದೇ ಕ್ಯಾಮಿನ ಚೀನಾ ಎಂಜಿನ್. ಅದರ ಮೂಲ ಹೋಂಡಾ ಕಬ್ ವಂಶ. 1985ರ ಹೀರೋ ಹೋಂಡಾ ಸಿಡಿ100, 1994ರ ಸ್ಪ್ಲೆಂಡರ್ ಕೂಡ ಅದೇ ಬಳಗ. ಸ್ಪ್ಲೆಂಡರ್ ಬೋರ್ (ಸಿಲಿಂಡರಿನ ಅಗಲ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 49.5. ಈ 110ರ ಬೋರ್ 52.4, ಸ್ಟ್ರೋಕ್ ಅದೇ 49.5. ಸ್ಪ್ಲೆಂಡರ್ ಹೆಡ್ ಕಟ್ಟಿದ ಕೈಗೆ ಇದು ಪರಕೀಯ ಅನ್ನಿಸುವುದಿಲ್ಲ. (ಸುಜುಕಿ ಎಲ್‌ಟಿ-ಝಡ್400 ಥರದ ದೊಡ್ಡ ಎಟಿವಿಗಳಲ್ಲಿ ಎರಡು ಕ್ಯಾಮ್ ಇರುತ್ತವೆ. ಅಲ್ಲಿ ಎರಡು ಚಕ್ರಗಳ ನಡುವೆ ಚೈನಿನ ಪಿನ್ ಎಣಿಸಿ ಕೂರಿಸಬೇಕು. ಅದಕ್ಕೆ ಆ ಗಾಡಿಯ ಮ್ಯಾನುಯಲ್ ಇಲ್ಲದೆ ಕೈ ಹಾಕಬೇಡಿ.)

ಹೆಡ್ ಕೂರಿಸುವ ಮುಂಚೆ

ಬ್ಲಾಕ್ ಇಳಿಸುವ ತನಕದ ಕೆಲಸ ನಿಮಗೆ ಗೊತ್ತಿದೆ ಅಂದುಕೊಳ್ಳುತ್ತೇನೆ. ರಿಂಗಿನ ಬಾಯಿಗಳು ಒಂದೇ ಕಡೆ ಬರಬಾರದು, ಹಳೇ ಪ್ಯಾಕಿಂಗ್ ಚೂರು ಉಳಿದಿರಬಾರದು, ಡೋವೆಲ್ (ಭಾಗಗಳನ್ನು ನೇರ ಕೂರಿಸುವ ಪಿನ್) ಮತ್ತು ಓ-ರಿಂಗ್ ಮರೆಯಬಾರದು.

ಬ್ಲಾಕ್ ಇಳಿಸುವಾಗಲೇ ಟೈಮಿಂಗ್ ಚೈನಿಗೆ ಒಂದು ತಂತಿ ಕಟ್ಟಿ, ಸುರಂಗದಿಂದ ಮೇಲಕ್ಕೆ ಎಳೆದು ಇಟ್ಟುಕೊಳ್ಳಿ. ಕ್ರ್ಯಾಂಕ್ ತಿರುಗಿಸುವಾಗಲೆಲ್ಲ ಆ ತಂತಿಯನ್ನು ಬಿಗಿಯಾಗಿ ಹಿಡಿದಿರಬೇಕು. ಚೈನು ಸಡಿಲ ಬಿಟ್ಟರೆ ಕೆಳಗಿನ ಸಣ್ಣ ಚಕ್ರದ ಹತ್ತಿರ ಮುದ್ದೆಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಜೋರು ಮಾಡಿದರೆ ಕ್ರ್ಯಾಂಕ್‌ಕೇಸ್ ಒಡೆಯುವ ಅಪಾಯವಿದೆ.

ಚೈನು ಬಿಗಿಯಾಗಿಡುವ ಟೆನ್ಷನರ್‌ನ ಒತ್ತಡ ಮೊದಲೇ ತೆಗೆದುಬಿಡಿ. ವಾಲ್ವಿನ ಸಂದು ಹೊಂದಿಸುವ ಟ್ಯಾಪೆಟ್ ಸ್ಕ್ರೂ ಎರಡನ್ನೂ ಪೂರ್ತಿ ಸಡಿಲ ಮಾಡಿ. ಇದನ್ನು ಬಹಳ ಜನ ಮಾಡುವುದಿಲ್ಲ. ಮಾಡಿದರೆ ಕ್ಯಾಮ್ ಹೇಗೇ ತಿರುಗಿದರೂ ವಾಲ್ವ್ ಕೆಳಗಿಳಿದು ಪಿಸ್ಟನ್‌ಗೆ ತಾಗುವ ಭಯ ಬಹಳ ಕಡಿಮೆ. ಹೆಡ್ಡಿನ ನಟ್‌ಗಳನ್ನು ಎದುರು-ಬದುರಾಗಿ, ಎರಡು ಮೂರು ಸಲಕ್ಕೆ ಬಿಗಿ ಮಾಡಿ. ಒಂದು ನಟ್‌ನ ಕೆಳಗೆ ತಾಮ್ರದ ವಾಷರ್ ಇರುತ್ತದೆ. ಆ ಸ್ಟಡ್ ಪಕ್ಕದಲ್ಲೇ ಎಣ್ಣೆ ಮೇಲೇರುವುದು. ವಾಷರ್ ಜಾಗ ಬದಲಾದರೆ ಎಣ್ಣೆ ಸೋರುತ್ತದೆ.

ಟಿ ಮತ್ತು ಎಫ್

ಎಡಗಡೆ ಕವರ್ ತೆಗೆದರೆ ಮ್ಯಾಗ್ನೆಟ್ (ಕ್ರ್ಯಾಂಕಿನ ತುದಿಯ ದೊಡ್ಡ ಚಕ್ರ) ಕಾಣುತ್ತದೆ. ಅದರ ಅಂಚಿನಲ್ಲಿ ಎರಡು ಗೀರು ಇರುತ್ತವೆ. ಒಂದರ ಪಕ್ಕ ಇಂಗ್ಲಿಷಿನ ಟಿ, ಇನ್ನೊಂದರ ಪಕ್ಕ ಎಫ್. ಟಿ ಅಂದರೆ ಪಿಸ್ಟನ್ ಪೂರ್ತಿ ಮೇಲಿದೆ ಅಂತ. ಎಫ್ ಅಂದರೆ ಕಿಡಿ ಹಾರುವ ಜಾಗ. ಎರಡೂ ಹತ್ತಿರ ಹತ್ತಿರವೇ ಇರುವುದರಿಂದ, ಎಣ್ಣೆ ಮೆತ್ತಿದ ಮ್ಯಾಗ್ನೆಟ್ ಮೇಲೆ ಎಫ್ ಅನ್ನೇ ಟಿ ಅಂದುಕೊಂಡು ಕೂರಿಸಿದವರನ್ನು ನೋಡಿದ್ದೇನೆ. ಬಟ್ಟೆಗೆ ಸ್ವಲ್ಪ ಪೆಟ್ರೋಲ್ ಹಾಕಿ ಒರೆಸಿ. ಟಿ ಗೀರಿಗೆ ಬಿಳಿ ಬಣ್ಣದ ಒಂದು ಚುಕ್ಕೆ ಇಟ್ಟುಬಿಡಿ.

ಎಂಜಿನ್ ತಿರುಗುವುದು ಎಡಗಡೆಯಿಂದ ನೋಡಿದರೆ ಅಪ್ರದಕ್ಷಿಣವಾಗಿ. ನೀವೂ ಹಾಗೇ ತಿರುಗಿಸಿ. ಗೀರು ದಾಟಿಹೋದರೆ ಹಿಂದಕ್ಕೆ ಎಳೆಯಬೇಡಿ, ಇನ್ನೊಂದು ಸುತ್ತು ತನ್ನಿ. ಟಿ ಗೀರು ಕೇಸಿನ ಗುರುತಿಗೆ ನೇರವಾಗಿ ನಿಲ್ಲಲಿ.

"ಇದು ಕಂಪ್ರೆಷನ್ ಟಿ-ನೋ, ಎಕ್ಸಾಸ್ಟ್ ಟಿ-ನೋ?" ಅಂತ ಇಲ್ಲಿ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಈ ಎಂಜಿನ್‌ನಲ್ಲಿ ಅದು ಬೇಕಿಲ್ಲ. ಸಿಡಿಐ (ಕಿಡಿ ಹಾರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಪ್ರತಿ ಸುತ್ತಿಗೂ ಕಿಡಿ ಕೊಡುತ್ತದೆ. ಕ್ಯಾಮ್ ಇನ್ನೂ ಚೈನಿಗೆ ಸೇರಿಲ್ಲ. ನೀವು ಕ್ಯಾಮನ್ನು ಹೇಗೆ ಕೂರಿಸುತ್ತೀರೋ ಅದೇ ಕಂಪ್ರೆಷನ್.

ಚುಕ್ಕಿ ಕಚ್ಚಿಗೆ ಬರಲಿ

ಕ್ಯಾಮನ್ನು ಕೈಯಲ್ಲೇ ತಿರುಗಿಸಿ, ಅದರ ಉಬ್ಬುಗಳು ಪಿಸ್ಟನ್ ಕಡೆ ಮುಖ ಮಾಡುವ ಹಾಗೆ ಇಡಿ. ಆಗ ವಾಲ್ವ್ ಒತ್ತುವ ರಾಕರ್ ಎರಡೂ ಸಡಿಲವಾಗಿ ಅಲ್ಲಾಡುತ್ತವೆ. ಈಗ ಚಕ್ರವನ್ನು ಚೈನಿನೊಳಗೆ ತೂರಿಸಿ. ಚಕ್ರದ ಮೇಲಿನ ಚುಕ್ಕಿ ಅಥವಾ ಸೊನ್ನೆ ಹೆಡ್ಡಿನ ಕಚ್ಚಿಗೆ ಎದುರಾಗಬೇಕು. ಸಿಲಿಂಡರ್ ಮಲಗಿರುವುದರಿಂದ ಆ ಕಚ್ಚು ಮುಂಭಾಗದಲ್ಲಿ, ಗಡಿಯಾರದ 9ರ ಜಾಗದಲ್ಲಿ ಇರುತ್ತದೆ.

ತಪ್ಪಾಗುವುದು ಹೆಚ್ಚಾಗಿ ಇದೇ ಹಂತದಲ್ಲಿ. ಟೆನ್ಷನರ್ ಇಲ್ಲದ ಕಡೆಯ ಚೈನು ಮೊದಲು ಬಿಗಿಯಾಗಬೇಕು. ಇರುವ ಸಡಿಲವೆಲ್ಲ ಟೆನ್ಷನರ್ ಕಡೆಗೆ ಹೋಗಬೇಕು. ಅದನ್ನು ನೋಡದೆ ಚುಕ್ಕಿ ಸರಿ ಇದೆ ಅಂತ ಬೋಲ್ಟ್ ಬಿಗಿ ಮಾಡಿದಿರಿ ಅಂತಿಟ್ಟುಕೊಳ್ಳಿ. ಆಮೇಲೆ ಟೆನ್ಷನರ್ ಹಾಕಿದ ಕೂಡಲೇ ಸಡಿಲ ಎಳೆದುಕೊಂಡು ಚುಕ್ಕಿ ಒಂದು ಹಲ್ಲು ಆಚೆ ಹೋಗಿ ನಿಲ್ಲುತ್ತದೆ. ಭಾವನ ಗಾಡಿಯಲ್ಲಿ ಆಗಿದ್ದೂ ಇದೇ ಇರಬೇಕು.

ಚಕ್ರದ ಬೋಲ್ಟ್‌ಗಳನ್ನು ಮೊದಲು ಕೈಯಲ್ಲೇ ಹಾಕಿ. ಟೆನ್ಷನರ್ ಜೋಡಿಸಿ. ಆಮೇಲೆ ಟಿ ಮತ್ತು ಚುಕ್ಕಿ ಎರಡನ್ನೂ ಮತ್ತೆ ನೋಡಿ. ಚುಕ್ಕಿ ಒಂದೆರಡು ಮಿ.ಮೀ. ಆಚೀಚೆ ಇದ್ದರೆ ಚೈನು ಹಿಗ್ಗಿದೆ ಅಂತ ಅರ್ಥ. ಎಂಜಿನ್ ಬಿಚ್ಚಿದ್ದಾಗಲೇ ಹೊಸ ಚೈನು ಹಾಕುವುದು ಒಳ್ಳೆಯದು. ಚೈನಿನ ಒಂದು ಕೊಂಡಿ 6.35 ಮಿ.ಮೀ. ಇರುತ್ತದೆ. ಹಾಗಾಗಿ ಚುಕ್ಕಿ ಐದಾರು ಮಿ.ಮೀ. ಸರಿದಿದ್ದರೆ ಅದು ಹಿಗ್ಗಿದ್ದಲ್ಲ, ಹಲ್ಲು ತಪ್ಪಿದ್ದು. ಕಚ್ಚಿಗಿಂತ ಮೇಲಿದ್ದರೆ ಕ್ಯಾಮ್ ಹಿಂದೆ ಬಿದ್ದಿದೆ, ಕೆಳಗಿದ್ದರೆ ಮುಂದೆ ಹೋಗಿದೆ.

ಎರಡು ಸುತ್ತು, ಕೈಯಲ್ಲೇ

ಬೋಲ್ಟ್ ಬಿಗಿ ಮಾಡಿ. ಟ್ಯಾಪೆಟ್ ಹೊಂದಿಸಿ. ಎಂಜಿನ್ ತಣ್ಣಗಿರುವಾಗ, ಟಿ ಮತ್ತು ಚುಕ್ಕಿ ಎರಡೂ ಸೇರಿದ್ದಾಗ ಅಳೆಯಬೇಕು. ಈ ಎಂಜಿನ್‌ಗಳಿಗೆ ಸಾಮಾನ್ಯವಾಗಿ ಎರಡೂ ವಾಲ್ವಿಗೆ 0.05 ಮಿ.ಮೀ. ಸಂದು ಇಡುತ್ತಾರೆ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಸ್ವಲ್ಪ ಹಿಡಿದು ಹಿಡಿದು ಜಾರಬೇಕು.

ಈಗ ಪ್ಲಗ್ ಹಾಕದೆ, ಮ್ಯಾಗ್ನೆಟ್ ನಟ್‌ಗೆ ಸ್ಪ್ಯಾನರ್ ಕೊಟ್ಟು ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ. ವಾಲ್ವ್ ಸ್ಪ್ರಿಂಗಿನ ಭಾರ ಕೈಗೆ ಗೊತ್ತಾಗುತ್ತದೆ. ಅದು ಮೆತ್ತಗೆ ಏರಿ ಮೆತ್ತಗೆ ಇಳಿಯುವ ಭಾರ. ಅದರ ಬದಲು ಕಬ್ಬಿಣಕ್ಕೆ ಕಬ್ಬಿಣ ಟಕ್ ಅಂತ ತಾಗಿ ನಿಂತರೆ ಅಲ್ಲೇ ನಿಲ್ಲಿಸಿ. ವಾಲ್ವ್ ಪಿಸ್ಟನ್‌ಗೆ ತಾಗಿರಬಹುದು. ದಯವಿಟ್ಟು ಸೆಲ್ಫ್ ಹೊಡೆದು ನೋಡಬೇಡಿ. ಕೈಗೆ ಗೊತ್ತಾಗುವ ತಡೆ ಮೋಟಾರಿಗೆ ಗೊತ್ತಾಗುವುದಿಲ್ಲ, ಅದು ವಾಲ್ವ್ ಬಗ್ಗಿಸಿಯೇ ಬಿಡುತ್ತದೆ.

ಎರಡು ಸುತ್ತು ಮುಗಿದ ಮೇಲೆ ಟಿ ಮತ್ತು ಚುಕ್ಕಿ ಮತ್ತೆ ಅದೇ ಜಾಗಕ್ಕೆ ಬಂದಿರಬೇಕು. ಒಂದು ಸುತ್ತಿಗೇ ನೋಡಿದರೆ ಚುಕ್ಕಿ ಎದುರು ದಿಕ್ಕಿನಲ್ಲಿ ಇರುತ್ತದೆ. ಅದಕ್ಕೆ ಗಾಬರಿಯಾಗಬೇಡಿ. ಎರಡು ಸುತ್ತು ಆದ ಮೇಲೂ ಬಂದಿಲ್ಲವೆಂದರೆ ಬೋಲ್ಟ್ ಬಿಚ್ಚಿ ಮೊದಲಿಂದ ಮಾಡಿ. ಹತ್ತು ನಿಮಿಷದ ಕೆಲಸ ಅಷ್ಟೇ, ಅಲ್ವಾ? ಹೆಡ್ ಮತ್ತೆ ಇಳಿಸಬೇಕಾಗಿ ಬಂದರೆ ಒಂದು ದಿನ ಹೋಗುತ್ತದೆ.

ಭಾವನ ಗಾಡಿಗೆ ಹೆಡ್ ಬಿಚ್ಚುವ ಅಗತ್ಯವೇ ಬೀಳಲಿಲ್ಲ. ಟೆನ್ಷನರ್ ಸಡಿಲಿಸಿ, ಚಕ್ರ ಇಳಿಸಿ, ಒಂದು ಹಲ್ಲು ಮುಂದಕ್ಕೆ ಹಾಕಿದೆವು. ಪ್ಲಗ್ ತೂತಿಗೆ ಮತ್ತೆ ಹೆಬ್ಬೆರಳು ಇಟ್ಟಾಗ ಈ ಸಲ ಬೆರಳು ನಿಲ್ಲಲಿಲ್ಲ. ಸ್ಟಾರ್ಟ್ ಆದ ಮೇಲೆ ಮಕ್ಕಳಿಗೆ ತಕ್ಷಣ ಕೊಡಲಿಲ್ಲ. ಹೊಸ ರಿಂಗು ಕೂರಬೇಕಲ್ಲ, ಸಮತಟ್ಟು ಜಾಗದಲ್ಲಿ ಮೆಲ್ಲಗೆ ಓಡಿಸಿದೆವು. ರಾತ್ರಿ ಪೂರ್ತಿ ತಣ್ಣಗಾಗಲು ಬಿಟ್ಟು, ಬೆಳಿಗ್ಗೆ ಟ್ಯಾಪೆಟ್ ಇನ್ನೊಮ್ಮೆ ಅಳೆದೆ. ಎಕ್ಸಾಸ್ಟ್ ಸ್ವಲ್ಪ ಬಿಗಿಯಾಗಿತ್ತು. ಅದನ್ನು ಸರಿ ಮಾಡಿ ಮುಚ್ಚಳ ಹಾಕಿದೆ.