ಕಾರಿನ ಮೈಮೇಲಿನ ಸುತ್ತುಗೀರು: ಪಾಲಿಶ್ ಯಂತ್ರದಿಂದ ತೆಗೆಯುವ ಬಗೆ

ತೀರ್ಥಹಳ್ಳಿ, ಹೊಸನಗರದ ಕಡೆಯ ಹಲವು ಮನೆಗಳಲ್ಲಿ ಕಾರು ಒರೆಸುವ ಬಟ್ಟೆಯೆಂದರೆ ಹಳೆಯ ಬನಿಯನ್ನು, ಇಲ್ಲವೇ ಸವೆದ ಪಂಚೆಯ ತುಂಡು. ಕೆಮ್ಮಣ್ಣಿನ ದಾರಿಯಲ್ಲಿ ಬಂದ ಗಾಡಿಯ ಮೇಲೆ ಕೂತ ದೂಳನ್ನು ನೀರು ಹಾಕದೆ ಅದರಲ್ಲೇ ಒರೆಸಿಬಿಡುತ್ತೇವೆ. ಆ ದೂಳಿನಲ್ಲಿ ಬೆಣಚುಕಲ್ಲಿನ ಸಣ್ಣ ಕಣಗಳಿರುತ್ತವೆ. ಬೆಣಚುಕಲ್ಲು ಗಾಜನ್ನೇ ಗೀರಬಲ್ಲದು, ಕಾರಿನ ಬಣ್ಣವಂತೂ ಅದಕ್ಕೆ ಯಾವ ಲೆಕ್ಕವೂ ಅಲ್ಲ. ಹೀಗೆ ಮೂರು ನಾಲ್ಕು ಮಳೆಗಾಲ ಕಳೆಯುವುದರೊಳಗೆ ಕಪ್ಪು ಅಥವಾ ಕಡುನೀಲಿ ಕಾರಿನ ಬಾನೆಟ್ಟು ಬಿಸಿಲಿನಲ್ಲಿ ಜೇಡನ ಬಲೆ ಹಾಸಿದಂತೆ ಕಾಣತೊಡಗುತ್ತದೆ. ಕಾರಿಗೆ ಹೊಳಪು ಕೊಡುವ ಡೀಟೇಲಿಂಗ್ ಅಂಗಡಿಯವರು ಇದನ್ನು ಸ್ವರ್ಲ್ ಮಾರ್ಕ್ ಎನ್ನುತ್ತಾರೆ. ಇಲ್ಲಿ ಸುತ್ತುಗೀರು ಎಂದು ಕರೆಯೋಣ.

ಕಣ್ಣಿಗೆ ಸುತ್ತಾಗಿ ಕಂಡರೂ ಇವು ನಿಜವಾಗಿ ಸುತ್ತುಗಳಲ್ಲ. ಗೀರುಗಳು ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿಯಾಗಿ ಬಿದ್ದಿರುತ್ತವೆ. ಅವುಗಳ ಪೈಕಿ ಬೆಳಕು ಬರುವ ದಿಕ್ಕಿಗೆ ಅಡ್ಡಲಾಗಿ ಮಲಗಿದವು ಮಾತ್ರ ಬೆಳಕನ್ನು ನಮ್ಮ ಕಣ್ಣಿಗೆ ಹಿಂದಿರುಗಿಸುವುದರಿಂದ, ಸೂರ್ಯನ ಅಥವಾ ಬಲ್ಬಿನ ಪ್ರತಿಬಿಂಬದ ಸುತ್ತ ಬಳೆಯ ಮೇಲೆ ಬಳೆ ಜೋಡಿಸಿದಂತೆ ತೋರುತ್ತದೆ. ತಲೆಯನ್ನು ಒಂದಡಿ ಆಚೆ ಸರಿಸಿದರೆ ಬಳೆಗಳೂ ಸರಿಯುತ್ತವೆ. ಮೋಡ ಮುಚ್ಚಿದ ದಿನ ಇದೇ ಕಾರು ಹೊಸದರಂತೆ ಕಾಣುವುದಕ್ಕೂ ಇದೇ ಕಾರಣ. ಆದ್ದರಿಂದ ಮಳೆಗಾಲದಲ್ಲಿ ಹಳೆಯ ಕಾರು ನೋಡಲು ಹೋಗುವವರು ಜೊತೆಗೊಂದು ಟಾರ್ಚು ಇಟ್ಟುಕೊಳ್ಳುವುದು ಒಳ್ಳೆಯದು.

ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ಲೆಕ್ಕ ತಿಳಿದಿರಬೇಕು. ಈಗಿನ ಕಾರುಗಳಲ್ಲಿ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಎಂಬ ಪದರ ಇರುತ್ತದೆ. ಎಲ್ಲ ಸೇರಿ ಸುಮಾರು 100ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪವಾದರೆ, ಕ್ಲಿಯರ್ ಕೋಟ್ ಒಂದೇ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಎಂದರೆ ತಲೆಗೂದಲಿಗಿಂತ ತೆಳು. ಸುತ್ತುಗೀರುಗಳು ಇರುವುದು ಈ ಪದರದ ಮೇಲ್ಮೈಯಲ್ಲಿ. ಪಾಲಿಶ್ ಎಂದರೆ ಗೀರನ್ನು ತುಂಬುವುದಲ್ಲ, ಗೀರಿನ ತಳದ ಮಟ್ಟಕ್ಕೆ ಸುತ್ತಲಿನ ಪದರವನ್ನೇ ಸವೆಸುವುದು. ಒಂದು ಹದವಾದ ಪಾಲಿಶ್‌ಗೆ 1ರಿಂದ 3 ಮೈಕ್ರಾನ್ ಹೋಗಬಹುದು. ಹೋದದ್ದು ಮತ್ತೆ ಬರುವುದಿಲ್ಲ. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಇದೇ ಪದರವಾದ್ದರಿಂದ, ಅತಿಯಾಗಿ ಸವೆಸಿದ ಕಾರಿನ ಮೇಲ್ಚಾವಣಿ ಕೆಲವು ವರ್ಷಗಳಲ್ಲಿ ಸಿಪ್ಪೆ ಏಳತೊಡಗುತ್ತದೆ. ಪ್ರತಿ ದೀಪಾವಳಿಗೂ ಗ್ಯಾರೇಜಿಗೆ ಬಿಟ್ಟು ‘ರಬ್ಬಿಂಗ್’ ಮಾಡಿಸುವುದು ಕಾರಿನ ಮೇಲಿನ ಅಕ್ಕರೆ ಎಂದು ತಿಳಿದವರು ಇದನ್ನು ಗಮನಿಸಬೇಕು.

ಆದ್ದರಿಂದ ಮೊದಲು ಉಗುರಿನ ಪರೀಕ್ಷೆ. ಗೀರಿನ ಅಡ್ಡಕ್ಕೆ ಉಗುರನ್ನು ಮೆಲ್ಲಗೆ ಎಳೆದಾಗ ತಡೆದರೆ ಅದು ಆಳದ ಗೀರು. ಅದನ್ನು ಪೂರ್ತಿ ತೆಗೆಯುವ ಆಸೆ ಬಿಡಬೇಕು. ಸಾಧ್ಯವಿದ್ದರೆ ಬಣ್ಣದ ದಪ್ಪ ಅಳೆಯುವ ಮೀಟರನ್ನು ಎರವಲು ತಂದು ಪ್ರತಿ ಭಾಗದಲ್ಲೂ ನಾಲ್ಕೈದು ಕಡೆ ಅಳೆದು ಬರೆದಿಟ್ಟುಕೊಳ್ಳಬೇಕು. ಒಂದು ಬಾಗಿಲು ಮಾತ್ರ 300 ಮೈಕ್ರಾನ್ ದಾಟಿದರೆ ಅಲ್ಲಿ ಮರುಬಣ್ಣವೋ ತಗ್ಗು ತುಂಬುವ ಪುಟ್ಟಿಯೋ ಆಗಿದೆ ಎಂದರ್ಥ. 80ರ ಆಸುಪಾಸಿಗೆ ಇಳಿದಿದ್ದರೆ ಆ ಭಾಗವನ್ನು ಯಂತ್ರದಿಂದ ಮುಟ್ಟದಿರುವುದೇ ಲೇಸು. ಪ್ಲಾಸ್ಟಿಕ್ ಬಂಪರನ್ನು ಸಾಮಾನ್ಯ ಮೀಟರು ಅಳೆಯಲಾರದು.

ಕಾಲ ಮತ್ತು ಜಾಗ

ಮಲೆನಾಡಿನಲ್ಲಿ ಈ ಕೆಲಸಕ್ಕೆ ನವೆಂಬರಿನಿಂದ ಫೆಬ್ರುವರಿಯವರೆಗಿನ ದಿನಗಳು ಹೇಳಿ ಮಾಡಿಸಿದಂತಿವೆ. ಆಗುಂಬೆಯ ಕಡೆ ಜೂನಿನಿಂದ ಗಾಳಿಯೇ ಒದ್ದೆಯಾಗಿರುವಾಗ ಮೇಲೆ ಹಚ್ಚುವ ರಕ್ಷಣೆಯ ಲೇಪ ಸರಿಯಾಗಿ ಒಣಗುವುದಿಲ್ಲ. ಮಾರ್ಚಿ ಕಳೆದರೆ ಕೆಂಪು ದೂಳಿನ ಕಾಟ. ಬೆಳಗಿನ ಇಬ್ಬನಿ ಆರಿದ ಮೇಲೆ, ನೆರಳಿರುವ ಶೆಡ್ಡಿನಲ್ಲಿ ಕೆಲಸ ಆರಂಭಿಸಬೇಕು. ಅಡಿಕೆ ಸುಲಿಯುವ ಚಪ್ಪರ ಖಾಲಿಯಿದ್ದರೂ ಆದೀತು, ಆದರೆ ನೆಲಕ್ಕೆ ನೀರು ಚಿಮುಕಿಸಿ ದೂಳು ಅಡಗಿಸಿರಬೇಕು.

ಕಾರನ್ನು ಶಾಂಪೂ ಹಾಕಿ ತೊಳೆದ ಮೇಲೂ ಅಂಗೈ ಸವರಿದರೆ ತರಿತರಿ ಸಿಗುತ್ತದೆ. ಬ್ರೇಕಿನಿಂದ ಹಾರಿ ಬಂದು ಅಂಟಿದ ಕಬ್ಬಿಣದ ಪುಡಿಗೆ ಐರನ್ ರಿಮೂವರ್ ಸಿಂಪಡಿಸಬೇಕು. ಅದು ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತದೆ, ಒಣಗಲು ಬಿಡದೆ ತೊಳೆಯಬೇಕು. ಹಲಸಿನ ಮೇಣ, ಟಾರಿನ ಚುಕ್ಕೆಗಳನ್ನು ಟಾರ್ ರಿಮೂವರಿನಿಂದ ತೆಗೆದು, ಉಳಿದದ್ದಕ್ಕೆ ಕ್ಲೇ ಬಾರ್ ಎಂಬ ಜೇಡಿಯಂಥ ಮುದ್ದೆಯನ್ನು ಸೋಪುನೀರಿನ ಜಾರಿಕೆಯ ಮೇಲೆ ಒತ್ತದೆ ಆಡಿಸಬೇಕು. ಮುದ್ದೆ ನೆಲಕ್ಕೆ ಬಿದ್ದರೆ ಎಸೆಯಬೇಕು. ಹತ್ತು ರೂಪಾಯಿ ಉಳಿಸಲು ಹೋದರೆ ಹೊಸ ಗೀರು ಬೀಳುತ್ತದೆ. ಒಣಗಿಸಿದ ಬಳಿಕ ರಬ್ಬರ್ ಪಟ್ಟಿ, ಕಪ್ಪು ಪ್ಲಾಸ್ಟಿಕ್, ಲಾಂಛನಗಳು ಮತ್ತು ತಗಡು ಮಡಚಿದ ಏಣುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಬೇಕು. ಏಣಿನ ಮೇಲೆ ಬಣ್ಣ ತೆಳುವಾಗಿರುತ್ತದೆ. ನನ್ನ ಹಳೆಯ ಕಾರಿನ ಹಿಂಬಾಗಿಲಿನ ಏಣಿನಲ್ಲಿ ಪ್ರೈಮರ್ ಇಣುಕುವಂತಾದದ್ದು, ‘ಇಷ್ಟಕ್ಕೆ ಟೇಪು ಯಾಕೆ’ ಎಂಬ ನನ್ನ ಸೋಮಾರಿತನದಿಂದ.

ಯಂತ್ರ ಮತ್ತು ಪ್ಯಾಡು

ಯಂತ್ರಗಳಲ್ಲಿ ಎರಡು ಬಗೆ. ರೋಟರಿಯಲ್ಲಿ ಪ್ಯಾಡು, ಎಂದರೆ ಕಾರಿಗೆ ತಾಗುವ ಮೆತ್ತೆ, ಒಂದೇ ಅಚ್ಚಿನ ಮೇಲೆ ಗಿರಗಿರನೆ ತಿರುಗುತ್ತದೆ. ಬೇಗ ಸವೆಸುತ್ತದೆ, ಬೇಗ ಬಿಸಿಯೇರಿಸುತ್ತದೆ, ಅಳ್ಳಕದ ಕೈಯಲ್ಲಿ ಹೊಲೊಗ್ರಾಮ್ ಎನ್ನುವ ಹೊಳಪಿನ ಪಟ್ಟೆಗಳನ್ನು ಬಿಡುತ್ತದೆ. ಡ್ಯುಯಲ್ ಆ್ಯಕ್ಷನ್ ಯಂತ್ರದಲ್ಲಿ ಪ್ಯಾಡು ತಿರುಗುತ್ತಲೇ ಆಚೀಚೆ ಓಲಾಡುವುದರಿಂದ ಒಂದೇ ಜಾಗ ಸುಡುವ ಭಯ ಕಡಿಮೆ. ಮನೆಯಲ್ಲಿ ಕಲಿಯುವವರು ಎರಡನೆಯದನ್ನೇ ಆರಿಸಬೇಕು. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಪ್ಯಾಡಿನ ಹಿಂದಿನ ತಟ್ಟೆಯ ಅಂಚಿಗೆ ಮಾರ್ಕರಿನಿಂದ ಒಂದು ಗೆರೆ ಎಳೆದಿಟ್ಟರೆ, ಕೆಲಸದ ನಡುವೆ ಪ್ಯಾಡು ತಿರುಗುತ್ತಿದೆಯೋ ಬರೀ ನಡುಗುತ್ತಿದೆಯೋ ಎಂಬುದು ತಿಳಿಯುತ್ತದೆ. ಹೆಚ್ಚು ಒತ್ತಿದರೆ ತಿರುಗುವುದು ನಿಲ್ಲುತ್ತದೆ, ತಿರುಗದಿದ್ದರೆ ಗೀರೂ ಹೋಗುವುದಿಲ್ಲ. ಹಳ್ಳಿಯ ಸಂಜೆಯ ಕಡಿಮೆ ವೋಲ್ಟೇಜಿನಲ್ಲೂ ಹೀಗೆಯೇ ಆಗುತ್ತದೆ.

ಇಡೀ ಕಾರಿಗೆ ಏನು ಬೇಕೆಂಬುದನ್ನು ಒಂದು ಮೂಲೆ ಹೇಳುತ್ತದೆ. ಬಾನೆಟ್ಟಿನ ಮೇಲೆ ಮೊಳದಗಲದ ಚೌಕವೊಂದನ್ನು ಗುರುತಿಸಿ, ಅತಿ ಮೃದುವಾದ ಫೋಮ್ ಪ್ಯಾಡ್ ಮತ್ತು ನಯವಾದ ಪಾಲಿಶ್‌ನಿಂದ ಆರಂಭಿಸಬೇಕು. ಅದರಲ್ಲಿ ಗೀರು ಹೋಗದಿದ್ದರೆ ಅದೇ ಪ್ಯಾಡಿಗೆ ಹೆಚ್ಚು ಸವೆಸುವ ಕಾಂಪೌಂಡ್ ಎಂಬ ಒರಟು ಪಾಲಿಶ್, ಅದೂ ಸಾಲದಿದ್ದರೆ ಗಟ್ಟಿ ಫೋಮ್ ಅಥವಾ ಮೈಕ್ರೊಫೈಬರ್ ಪ್ಯಾಡ್. ಎಲ್ಲಿ ಸಾಕೆನಿಸಿತೋ ಅಲ್ಲಿಗೆ ನಿಲ್ಲಬೇಕು. ನೂರಕ್ಕೆ ಎಂಬತ್ತು ಗೀರು ಹೋಗಿದ್ದರೆ ನಾಲ್ಕು ಅಡಿ ದೂರದಿಂದ ನೋಡುವ ಕಣ್ಣಿಗೆ ಉಳಿದ ಇಪ್ಪತ್ತು ಕಾಣುವುದೇ ಇಲ್ಲ. ಅದಕ್ಕಾಗಿ ಮತ್ತೆ ಎರಡು ಮೈಕ್ರಾನ್ ಕೊಡುವುದು ದುಬಾರಿ ವ್ಯಾಪಾರ.

ಪ್ಯಾಡಿನ ಮೇಲೆ ಬಟಾಣಿಕಾಳಿನ ಗಾತ್ರದ ನಾಲ್ಕು ಹನಿ ಹಾಕಿ, ಯಂತ್ರ ಚಾಲೂ ಮಾಡುವ ಮೊದಲೇ ಅದನ್ನು ಚೌಕದ ತುಂಬ ಒತ್ತೊತ್ತಿ ಹಚ್ಚಬೇಕು. ಇಲ್ಲದಿದ್ದರೆ ಗೋಡೆಗೂ ಮುಖಕ್ಕೂ ಸಿಡಿಯುತ್ತದೆ. ಮೊದಲು 1ನೇ ವೇಗದಲ್ಲಿ ಹರಡಿ, ಬಳಿಕ ಆರರ ಡಯಲಿನಲ್ಲಿ 4 ಅಥವಾ 5ಕ್ಕೆ ಏರಿಸಿ, ಯಂತ್ರದ ತೂಕಕ್ಕೆ ಕೈಯ ತೂಕವನ್ನಷ್ಟೇ ಸೇರಿಸಿ, ಸೆಕೆಂಡಿಗೆ 3–4 ಸೆಂಟಿಮೀಟರಿನಂತೆ ನಿಧಾನವಾಗಿ, ಹಿಂದಿನ ಸಾಲಿನ ಅರ್ಧ ಭಾಗವನ್ನು ಮುಚ್ಚಿಕೊಂಡು ಸಾಗಬೇಕು. ಗದ್ದೆ ಉಳುವವರು ಉದ್ದಸಾಲು ಮುಗಿಸಿ ಅಡ್ಡಸಾಲು ಹೊಡೆಯುವಂತೆ, ಎಡ–ಬಲ ಒಮ್ಮೆ, ಮೇಲೆ–ಕೆಳಗೆ ಒಮ್ಮೆ. ಹೀಗೆ ನಾಲ್ಕರಿಂದ ಆರು ಸಲ. ಪ್ಯಾಡು ಸಮತಟ್ಟಾಗಿಯೇ ಇರಬೇಕು, ಓರೆಯಾದರೆ ಒಂದೇ ಅಂಚು ಕಡಿಯುತ್ತದೆ. ನಡುನಡುವೆ ಬರಿಗೈ ಇಟ್ಟು ನೋಡಬೇಕು: ಉಗುರುಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾದರೆ ಜಾಗ ಬದಲಿಸಬೇಕು. ಯಂತ್ರವನ್ನು ಮೇಲೆತ್ತುವ ಮೊದಲು ನಿಲ್ಲಿಸಬೇಕು. ಕಾಂಪೌಂಡಿನ ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಇರಲಿ.

ಒಂದೊಂದು ಭಾಗ ಮುಗಿದಾಗಲೂ ಪ್ಯಾಡನ್ನು ನೈಲಾನ್ ಬ್ರಷ್ಷಿನಿಂದ ಉಜ್ಜಿ ಬಿಡಿಸಬೇಕು, ತುಂಬ ಒದ್ದೆಯಾದರೆ ಬೇರೆ ಪ್ಯಾಡ್ ಹಾಕಬೇಕು. ಸಣ್ಣ ಕಾರಿಗೂ ನಾಲ್ಕಾರು ಪ್ಯಾಡು ಬೇಕಾಗುತ್ತವೆ, ಹೊಸಬರಿಗೆ ಎರಡು ದಿನ ಹಿಡಿಯುತ್ತದೆ. ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಪ್ಯಾಡಿಗೆ ಕಾರಿನ ಬಣ್ಣ ಹತ್ತಿದರೆ ತಕ್ಷಣ ನಿಲ್ಲಿಸಬೇಕು. ಅದು ಪದರ ದಾಟಿದ ಸೂಚನೆ. ಹಳೆಯ ಅಂಬಾಸಿಡರಿನಂಥ ಒಂಟಿಪದರದ ಬಣ್ಣದಲ್ಲಿ ಮಾತ್ರ ಅದು ಸಹಜ.

ಪಾಲಿಶ್‌ನಲ್ಲಿರುವ ಎಣ್ಣೆಯ ಅಂಶ ಉಳಿದ ಗೀರುಗಳನ್ನು ತಾತ್ಕಾಲಿಕವಾಗಿ ಮುಚ್ಚುವುದರಿಂದ, ಕೂಡಲೇ ಕಂಡ ಹೊಳಪನ್ನು ನಂಬಬಾರದು. ಐಸೊಪ್ರೊಪೈಲ್ ಆಲ್ಕೊಹಾಲಿಗೆ ನೀರು ಬೆರೆಸಿ ಸಿಂಪಡಿಸಿ, ಶುಭ್ರ ಮೈಕ್ರೊಫೈಬರ್ ಬಟ್ಟೆಯಿಂದ ಒರೆಸಿ, ಟಾರ್ಚು ಹಿಡಿದು ನೋಡಬೇಕು. ಕಾಂಪೌಂಡ್ ಬಳಸಿದ್ದರೆ ಅದರ ಮಬ್ಬು ಹೋಗಲು ಮೃದು ಪ್ಯಾಡಿನಲ್ಲಿ ನಯವಾದ ಪಾಲಿಶ್ ಇನ್ನೊಂದು ಸುತ್ತು ಬೇಕು. ನಂತರ ರಕ್ಷಣೆಯ ಲೇಪವಾಗಿ ವ್ಯಾಕ್ಸೋ ಸೀಲಂಟೋ ತೆಳ್ಳಗೆ ಹಚ್ಚಿದರಾಯಿತು. ಸೆರಾಮಿಕ್ ಲೇಪವಾದರೆ ಡಬ್ಬಿಯ ಮೇಲೆ ಹೇಳಿದಷ್ಟು ದಿನ ನೀರು ತಾಗಿಸಬಾರದು.

ಇಷ್ಟೆಲ್ಲ ಮಾಡಿ ಮರುವಾರ ಬನಿಯನ್ನಿನಿಂದ ಒಣದೂಳು ಒರೆಸಿದರೆ ಗೀರು ಮತ್ತೆ ಹಾಜರು. ಮೊದಲು ಪೈಪಿನ ನೀರಿನಿಂದ ಮಣ್ಣು ಇಳಿಸಿ, ಒಂದು ಬಕೆಟ್ ಶಾಂಪೂವಿಗೆ ಮತ್ತೊಂದು ಬಟ್ಟೆ ಜಾಲಿಸಲಿಕ್ಕೆ ಇಟ್ಟುಕೊಂಡು, ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಚಕ್ರಕ್ಕೆ ಬಳಸಿದ ಬಟ್ಟೆಯನ್ನು ಬಾನೆಟ್ಟಿಗೆ ತಾಗಿಸಬಾರದು. ತೋಟದ ಇಕ್ಕಟ್ಟು ದಾರಿಯಲ್ಲಿ ಲಂಟಾನದ ಬೇಲಿ ಎಳೆದ ಮೂರು ಗೆರೆಗಳು ನನ್ನ ಕಾರಿನ ಎಡಬಾಗಿಲಿನಲ್ಲಿ ಇನ್ನೂ ಇವೆ. ಉಗುರಿಗೆ ತಡೆಯುತ್ತವೆ, ಹಾಗೇ ಬಿಟ್ಟಿದ್ದೇನೆ.